ಹೆಗ್ಗಣದ ಮುದ್ದು

ಹೆತ್ತವರಿಗೆ ಹೆಗ್ಗಣ ಮುದ್ದು. ಹೆತ್ತವರು ಯಾರೂ ಈ ಗಾದೆ ಹೇಳಿದ್ದನ್ನು ನಾನು ಕೇಳಿಲ್ಲ. ಇದು ಪಕ್ಕದ ಮನೆಯವರ ಮಾತು. ಕೂಸನ್ನು ಎತ್ತಿ ಆಡಿಸಿ, ಕಾಫಿ ಕುಡಿದು, ಜಗಲಿ ಇಳಿದ ಮೇಲೆ ಆಡುವಂಥದ್ದು. ಆದರೆ ಗಾದೆ ಇಲಿ ಅನ್ನಲಿಲ್ಲ, ಹೆಗ್ಗಣ ಅಂದಿತು. ಬರೀ ಪ್ರಾಸಕ್ಕೆ ಇರಬಹುದು. ಆದರೂ ಹೆಗ್ಗಣ ನೋಡಲು ಒರಟಾದ ಪ್ರಾಣಿಯಷ್ಟೇ ಅಲ್ಲ. ರಾತ್ರಿ ಹೊತ್ತು ಮನೆಯ ಬುಡ ಕೊರೆಯುವಂಥದ್ದು. ಕಥೆ ಕಾವ್ಯ ಬರೆಯುವವರ ಮಟ್ಟಿಗೆ ಗಾದೆಯ ಜೀವ ಅಲ್ಲೇ ಇದೆ.

ಪಂಪನನ್ನೇ ನೋಡಿ. 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ಕ್ಕೆ ಕೈಹಾಕಿದಾಗ ಅವನ ಮುಂದಿದ್ದ ಕೆಲಸ ಸ್ಪಷ್ಟವಿತ್ತು: ವೇಮುಲವಾಡದ ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸಿ ಹೊಗಳುವುದು. ಅದಕ್ಕಾಗಿ ವ್ಯಾಸಭಾರತವನ್ನೇ ಬಗ್ಗಿಸಿದ. ದ್ರೌಪದಿ ಅರ್ಜುನನೊಬ್ಬನ ಹೆಂಡತಿಯಾದಳು. ಕೊನೆಗೆ ಪಟ್ಟವೂ ಧರ್ಮರಾಯನಿಗಲ್ಲ, ಅರ್ಜುನನಿಗೆ, ಪಕ್ಕದಲ್ಲಿ ಸುಭದ್ರೆ. ಇಷ್ಟೆಲ್ಲ ಹೊಂದಿಸಿದವನು, ಕರ್ಣ ಬಿದ್ದಾಗ ಮಾತ್ರ, ಭಾರತದಲ್ಲಿ ನೆನೆಯಬೇಕಾದವನು ಇವನೇ ಎಂದು ಬಾಯಿಬಿಟ್ಟುಬಿಡುತ್ತಾನೆ. ಅರ್ಜುನ ಒಡೆಯನಿಗಾಗಿ ಹೆತ್ತ ಮಗು. ಕರ್ಣ ತನಗಾಗಿ ಹೆತ್ತದ್ದು.

ಯಾಕೆ ಹೀಗಾಯಿತು? ನನ್ನ ಊಹೆ ಇಷ್ಟು. ಪಂಪ ಬರೀ ಕವಿಯಲ್ಲ, ಕತ್ತಿ ಹಿಡಿದವನು. ಅರಿಕೇಸರಿಯಿಂದ ಧರ್ಮವುರವೆಂಬ ಅಗ್ರಹಾರ ಪಡೆದವನು. ಹಳೆಗನ್ನಡದವರು ‘ಜೋಳದ ಪಾಳಿ’ ಎನ್ನುತ್ತಿದ್ದ ಕಟ್ಟು, ಅಂದರೆ ಉಂಡ ಅನ್ನಕ್ಕೆ ಪ್ರಾಣ ಕೊಟ್ಟು ತೀರಿಸುವ ಋಣ, ಅವನಿಗೆ ಓಲೆಗರಿಯಿಂದ ತಿಳಿದದ್ದಲ್ಲ. ನೀನು ಪಾಂಡವರ ಅಣ್ಣ ಎಂದು ಕೃಷ್ಣ ಬಂದು ಹೇಳಿದ, ಕುಂತಿ ಬಂದು ಹೇಳಿದಳು. ಕರ್ಣ ಸೋಲುವ ಪಕ್ಷ ಬಿಡಲಿಲ್ಲ. ಆ ಸಂಕಟ ಸಿಂಹಾಸನದ ಮೇಲೆ ಕೂತವನಿಗೆ ಎಲ್ಲಿ ಗೊತ್ತಾಗಬೇಕು? ಎದುರಿಗೆ ಕೈಕಟ್ಟಿ ನಿಂತವನಿಗೆ ಗೊತ್ತು. ಅರ್ಜುನನಲ್ಲಿ ಪಂಪ ತನ್ನ ನಿಷ್ಠೆಯನ್ನು ಇಟ್ಟ, ಆ ನಿಷ್ಠೆ ಕೇಳುವ ಬೆಲೆಯನ್ನು ಕರ್ಣನಲ್ಲಿ. ಅರಮನೆಗೆಂದು ಕಟ್ಟಿದ ಕಾವ್ಯದ ಬುಡದಲ್ಲಿ ಹೆಗ್ಗಣ ಬಿಲ ತೋಡಿದ್ದು ಹೀಗೆ.

ಗಾದೆ ಇಲ್ಲಿ ಪೂರ್ತಿ ಹೊಂದುವುದಿಲ್ಲ, ಒಪ್ಪುತ್ತೇನೆ. ಗಾದೆಯ ತಂದೆತಾಯಿಗೆ ತಮ್ಮದು ಹೆಗ್ಗಣವೆಂದೇ ಕಾಣದು. ಪಂಪನಿಗೆ ಕಾಣುತ್ತಿತ್ತು. ಭೀಷ್ಮನಿಗೆ ಸೇನಾಪತಿಯ ಪಟ್ಟ ಕಟ್ಟುವ ಹೊತ್ತಿಗೆ ಕರ್ಣ ತುಂಬಿದ ಸಭೆಯಲ್ಲಿ ಆ ಮುದುಕನನ್ನು ಹೀಯಾಳಿಸುತ್ತಾನೆ. ಪಂಪ ಅದನ್ನು ಒರೆಸಿ ಹಾಕಲಿಲ್ಲ. ಅದು ಇದ್ದದ್ದರಿಂದಲೇ, ಮುಂದೆ ಶರಶಯ್ಯೆಯ ಬಳಿ ಕರ್ಣ ಕಾಲಿಗೆ ಬಿದ್ದಾಗ ನಮ್ಮ ಗಂಟಲು ಕಟ್ಟುವುದು. ರನ್ನನದೂ ಇದೇ ಕಥೆ. ‘ಗದಾಯುದ್ಧ’ ಕಟ್ಟಿದ್ದು ಭೀಮನಿಗೆ, ಅಂದರೆ ದೊರೆ ಸತ್ಯಾಶ್ರಯನಿಗೆ. ಮನಸ್ಸಿನಲ್ಲಿ ಉಳಿಯುವವನು ಹೆಣಗಳ ನಡುವೆ ನಡೆಯುತ್ತ ಅಭಿಮನ್ಯುವಿನ ಪರಾಕ್ರಮಕ್ಕೂ ಕೈಮುಗಿಯುವ ದುರ್ಯೋಧನ. ಹಠವನ್ನಂತೂ ಅವನು ಬಿಡಲಿಲ್ಲ, ರನ್ನ ಬಿಡಿಸಲೂ ಹೋಗಲಿಲ್ಲ.

ದೊಡ್ಡವರ ನಡುವೆ ನನ್ನದೊಂದು ಚಿಕ್ಕ ಸಂಗತಿ. ಒಬ್ಬ ಮನೆ ಮಾಲೀಕರ ಮೇಲಿನ ಸಿಟ್ಟಿಗೆ ಒಂದು ಕಥೆ ಬರೆದಿದ್ದೆ. ಅಡ್ವಾನ್ಸ್ ಹಣ ವಾಪಸ್ ಕೊಡದೆ ಸತಾಯಿಸಿದ್ದರು. ಕಥೆಯಲ್ಲಿ ಅವರನ್ನು ಚೆನ್ನಾಗಿ ಝಾಡಿಸಿದೆ. ಓದಿದ ಗೆಳೆಯ, “ಇವನು ಮನುಷ್ಯನಲ್ಲಯ್ಯ, ನಿನ್ನ ಬೈಗುಳಕ್ಕೆ ತೊಡಿಸಿದ ಷರಟು” ಎಂದ. ಎಷ್ಟೋ ದಿನ ಕಥೆ ಡ್ರಾಯರಿನಲ್ಲೇ ಬಿದ್ದಿತ್ತು. ಒಂದು ರಾತ್ರಿ, ಯಾಕೋ, ಮಲಗುವ ಮುಂಚೆ ಮೂರು ಸಲ ಚಿಲಕ ಎಳೆದು ನೋಡುವ ನನ್ನದೇ ಚಟವನ್ನು ಆ ಮಾಲೀಕನಿಗೆ ಹಚ್ಚಿದೆ. ಕಥೆಯೊಳಗೆ ಅವನು ಕತ್ತಲಲ್ಲಿ ಎದ್ದು ಬಾಗಿಲ ಹತ್ತಿರ ಹೋದ. ಒಂದು ಸಲ ಎಳೆದ, ಎರಡು ಸಲ ಎಳೆದ. ಅವನಿಗೆ ಯಾರ ಹೆದರಿಕೆ ಎಂದು ಯೋಚಿಸುತ್ತ ಕೂತೆ. ಅಡ್ವಾನ್ಸಿನ ಮಾತು ಕಥೆಗೆ ಮತ್ತೆ ಬರಲೇ ಇಲ್ಲ.