ಕಡೆಗೆ ಕರೆದ ಹೆಸರು



2024ರ ನವೆಂಬರ್‌ನ ಐಪಿಎಲ್ ಹರಾಜಿನಲ್ಲಿ ನಮ್ಮ ದೇವದತ್ತ ಪಡಿಕ್ಕಲ್ ಹೆಸರು ಕರೆದಾಗ ಮೊದಲು ಯಾರೂ ಕೂಗಲಿಲ್ಲ. ಆಮೇಲಿನ ಸುತ್ತಿನಲ್ಲಿ ಆರ್‌ಸಿಬಿ 2 ಕೋಟಿಗೆ ತಗೊಂಡಿತು. 2025ರಲ್ಲಿ ಅದೇ ತಂಡ ಕಪ್ ಗೆದ್ದಿತು. ಶಿಡ್ಲಘಟ್ಟದ ಮಾರ್ಕೆಟ್ಟಲ್ಲೂ ರೀಲರ್‌ಗಳು ಗೂಡನ್ನು ಹೊರಗಿನಿಂದ ನೋಡಿ ಬೆಲೆ ಹಾಕ್ತಾರೆ. ನೂಲು ಎಷ್ಟು ಅನ್ನೋದು ಬಿಚ್ಚಿದ ಮೇಲೇ ಗೊತ್ತಾಗೋದು.

1 ಸಮುವೇಲ 16 ತೆಗೆಯಿರಿ. ಇಷಯನ ಏಳು ಮಕ್ಕಳು ದಾಟಿಹೋದರು. ಎಂಟನೆಯವನನ್ನು ಅಪ್ಪನೇ ಕರೆದಿರಲಿಲ್ಲ! ಅಭಿಷೇಕವಾದ ಮೇಲೂ ದಾವೀದ ಎಲ್ಲಿದ್ದ? 19ನೇ ವಚನ ನೋಡಿ, ಮತ್ತೆ ಕುರಿಗಳ ಹತ್ತಿರಾನೇ.

ಕೆಲಸದ ಪಟ್ಟಿಯಲ್ಲಿ ಹೆಸರು ಬರದ ತಮ್ಮಾ, ನಿನಗೂ ಕಪ್ ಸಿಗುತ್ತೆ ಅಂತ ನಾನು ಹೇಳಲ್ಲ. ಕಾಯ್ತಿರೋ ಕುರಿಗಳನ್ನ ಬಿಡಬೇಡ ಅಂತೀನಿ. ಜನ ಕೂಗದಿದ್ದರೂ ಕರ್ತನು ನಿನ್ನ ಹೃದಯ ನೋಡ್ತಿದ್ದಾನೆ. ಆಮೆನ್!