ಹಿಡಿದು ಬಿಡುವ ಮೀನು ಮತ್ತು ಅಹಿಂಸಾಣುವ್ರತ

ಅಮೆರಿಕದಲ್ಲಿ ಬೇಸಿಗೆ ಬಂತೆಂದರೆ ಒಳನಾಡಿನ ಸರೋವರಗಳ ಮೇಲೆ ಮುಂಜಾವಿನಲ್ಲಿಯೇ ಸಣ್ಣ ದೋಣಿಗಳು ಕಾಣಿಸಿಕೊಳ್ಳುತ್ತವೆ. ಅಲುಗದ ನೀರು, ಕೈಯಲ್ಲೊಂದು ಗಾಳದ ಕೋಲು, ಮಾತಿಲ್ಲದ ಕಾಯುವಿಕೆ. ಅರಸುವುದು ಬಾಸ್ ಎಂಬ ಮೀನನ್ನು. ದೂರದಿಂದ ನೋಡಿದವರಿಗೆ ಇದು ಬೇಟೆಯೆಂದೇ ತೋರದು. ಮೇಲಾಗಿ, ಹಿಡಿದ ಮೀನನ್ನು ಜೀವಸಹಿತ ನೀರಿಗೆ ಮರಳಿಸುವ ಪದ್ಧತಿ ಅಲ್ಲಿ ಬೇರೂರಿದೆ. ಬಾಸ್ ಸ್ಪರ್ಧೆಗಳ ಸಂಘಟಕ ರೇ ಸ್ಕಾಟ್ 1972ರಲ್ಲಿ ಅದನ್ನು ತನ್ನ ಸ್ಪರ್ಧೆಗಳಲ್ಲಿ ಜಾರಿಗೆ ತಂದನು. ಕೊಲ್ಲುವುದೇ ಇಲ್ಲವೆಂದ ಮೇಲೆ ಹಿಂಸೆ ಎಲ್ಲಿ ಎಂದು ಅಲ್ಲಿ ನೆಲೆಸಿದ ಜೈನ ಕುಟುಂಬದ ಯುವಕನು ಕೇಳಿದರೆ, ಅವನನ್ನು ಗದರಿಸಿ ಸುಮ್ಮನಾಗಿಸುವುದು ಉತ್ತರವಾಗದು.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಹೊಡೆತ, ಪ್ರಾಣಹರಣವಲ್ಲ. ಅಂದರೆ ಐದರಲ್ಲಿ ಒಂದೂ ಕೊಲೆಯಲ್ಲ. ಜೀವ ಉಳಿದಿರುವಾಗಲೇ ವ್ರತಕ್ಕೆ ತಗಲುವ ದೋಷಗಳಿವು. ದವಡೆಯನ್ನು ಚುಚ್ಚುವ ಗಾಳ ಛೇದ. ಸ್ಪರ್ಧೆಯಲ್ಲಿ ತೂಕವಾಗುವವರೆಗೆ ಮೀನನ್ನು ದೋಣಿಯ ತೊಟ್ಟಿಯಲ್ಲಿ ಕೂಡಿಹಾಕುವುದು ಬಂಧ. ಇದು ಹೊಟ್ಟೆಯ ಪಾಡಿಗೂ ಅಲ್ಲ, ಆತ್ಮರಕ್ಷಣೆಗೂ ಅಲ್ಲ. ವಿನೋದಕ್ಕಾಗಿ ಬೇಕೆಂದೇ ಮಾಡಿದ್ದು. ಬಿಸಿಯೇರಿದ ನೀರಿನಲ್ಲಿ ಕರಗಿದ ಆಮ್ಲಜನಕ ಕಡಿಮೆ. ಸೆಣಸಿ ಬಳಲಿದ ಮೀನು ಬೇಸಿಗೆಯಲ್ಲಿ ಚೇತರಿಸಿಕೊಳ್ಳುವುದು ಕಷ್ಟ. ಕೆಲವು ಬಿಟ್ಟ ನಂತರವೂ ಸಾಯುತ್ತವೆ. ಅಷ್ಟರಲ್ಲಿ ದೋಣಿ ದಡ ಸೇರಿರುತ್ತದೆ, ಹಿಡಿದವನ ಲೆಕ್ಕದಲ್ಲಿ ಆ ಮೀನು ಬದುಕಿಯೇ ಇರುತ್ತದೆ.

1932ರ ಜೂನ್ 2ರಂದು ಜಾರ್ಜಿಯಾ ರಾಜ್ಯದ ಮಾಂಟ್ಗೊಮರಿ ಸರೋವರದಲ್ಲಿ ಜಾರ್ಜ್ ಪೆರ್ರಿ ಎಂಬ ಬಡ ರೈತನು 22 ಪೌಂಡು 4 ಔನ್ಸು ತೂಕದ ಬಾಸ್ ಹಿಡಿದನು. ಅದು ವಿಶ್ವದಾಖಲೆಯಾಯಿತು, 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಸಿಕ್ಕ ಮೀನೊಂದು ಅದನ್ನು ಸರಿಗಟ್ಟಿತು. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಪೆರ್ರಿಯ ಮನೆಯವರು ಆ ಮೀನನ್ನು ಉಂಡರು. ಶ್ರಾವಕನಿಗೆ ಅದೂ ಸಲ್ಲದು. ಆದರೂ ಪೆರ್ರಿಯ ಬೆನ್ನಿಗೆ ಹಸಿವೆಯಿತ್ತು. ಇಂದಿನ ವಿನೋದಪ್ರಿಯನಿಗೆ ಆ ನೆವವೂ ಇಲ್ಲ.

ಜೈನ ಕಥಾಕೋಶಗಳ ಮೃಗಸೇನ ಧೀವರನೂ ಹಿಡಿದು ಬಿಟ್ಟವನೇ. ಬಲೆಗೆ ಮೊದಲು ಬಿದ್ದ ಮೀನನ್ನು ಬಿಡುವೆನೆಂದು ಮುನಿಗಳ ಬಳಿ ವ್ರತ ತೊಟ್ಟನು. ಗುರುತು ಕಟ್ಟಿ ಬಿಟ್ಟ ಅದೇ ಮೀನು ಮರಳಿ ಮರಳಿ ಬಿದ್ದಿತು; ಪ್ರತಿ ಸಲವೂ ಬಿಟ್ಟನು. ಬರಿಗೈಯಲ್ಲಿ ಮನೆಗೆ ಹೋದಾಗ ಹೆಂಡತಿ ಬಾಗಿಲು ತೆರೆಯಲಿಲ್ಲ. ಅವನು ಬಿಟ್ಟದ್ದು ಅಂದಿನ ಅನ್ನವನ್ನು. ಬಾಸ್ ಬಿಡುವವನು ಕಳೆದುಕೊಳ್ಳುವುದೇನೂ ಇಲ್ಲ. ನಾಳೆಯ ಆಟಕ್ಕೆ ಬಂಡವಾಳ ಉಳಿಯುತ್ತದೆ, ಅಷ್ಟೆ. ಆದರೆ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ: ಬಿಟ್ಟವನ ಭಾವ ಯಾವುದಿದ್ದರೂ, ಬದುಕಿದ ಮೀನಿಗೆ ಬದುಕು ಬದುಕೇ. ಕೊಂದು ತಿನ್ನುವುದಕ್ಕಿಂತ ಬಿಡುವುದು ಮೇಲೆಂಬುದನ್ನು ಅಲ್ಲಗಳೆಯಲಾಗದು.

ಇನ್ನು ಗೆಳೆಯರೊಡನೆ ದೋಣಿಯಲ್ಲಿ ಕುಳಿತು ಬರುವ ಯುವಕನ ವಿಷಯ. ಕೃತ, ಕಾರಿತ, ಅನುಮೋದಿತ ಎಂಬ ಮೂರು ದಾರಿಗಳಲ್ಲಿ ಅವನಿಗೆ ಎದುರಾಗುವುದು ಮೂರನೆಯದು. ಸರೋವರಕ್ಕೆ ಹೋಗಬಾರದೆಂದಿಲ್ಲ, ಹುಟ್ಟು ಹಾಕಬಾರದೆಂದೂ ಇಲ್ಲ. ಆದರೆ ಮೀನು ಮೇಲೆದ್ದಾಗ ಚಪ್ಪಾಳೆ ತಟ್ಟುವ ಕೈ ಬೇರೆ, ಸುಮ್ಮನಿರುವ ಕೈ ಬೇರೆ. ಛಾಯಾಚಿತ್ರಕ್ಕಾಗಿ ಒಮ್ಮೆ ಹಿಡಿದುಕೊಳ್ಳೆಂದು ಗೆಳೆಯನು ಆ ಮೀನನ್ನು ಅವನ ಕೈಗೆ ಕೊಟ್ಟರೆ, ನಗುತ್ತ ನಿಲ್ಲದೆ ಅದನ್ನು ಮೊದಲು ನೀರಿಗೆ ಇಳಿಸಲಿ. ಕಾರಣ ಕೇಳಿದರೆ ಹೇಳಲು ದಡಕ್ಕೆ ಮರಳುವ ದಾರಿಯಲ್ಲಿ ಸಮಯವಿರುತ್ತದೆ.