ಆಟದ ಪೆಟ್ಟಿಗೆಗೊಂದು ಪರಿಮಾಣ

ಗೇಮಿಂಗ್ ಕಂಪ್ಯೂಟರ್ ತೆಗೆದುಕೊಳ್ಳುವುದೋ, ಪ್ಲೇಸ್ಟೇಷನ್ ತೆಗೆದುಕೊಳ್ಳುವುದೋ ಎಂಬುದು ಧರ್ಮದ ಪ್ರಶ್ನೆ ಎಂದರೆ ನಮ್ಮ ಬ್ಯಾಂಕಿನಲ್ಲಿ ಎಲ್ಲರೂ ನಗುತ್ತಾರೆ. ನಗಲಿ. ಕಾರ್ಕಳದ ಕಡೆಯ ಜೈನ ಮನೆ ನಮ್ಮದು. ಹೊತ್ತು ಮುಳುಗುವ ಮೊದಲೇ ಊಟ ಮುಗಿಯುತ್ತದೆ. ಆಮೇಲಿನ ರಾತ್ರಿ ಎಷ್ಟು ಉದ್ದ ಎಂಬುದು ಒಂಬತ್ತೂವರೆಗೆ ಊಟಕ್ಕೆ ಕೂರುವವರಿಗೆ ಗೊತ್ತಾಗುವುದಿಲ್ಲ. ನಲವತ್ತು ದಾಟಿದ ಮೇಲೂ ಆ ಹೊತ್ತಿಗೆ ನನಗೆ ಆಟ ಬೇಕು. ಹಳೆಯ ಲ್ಯಾಪ್‌ಟಾಪ್ ಕೈಕೊಟ್ಟಿದ್ದರಿಂದ ಯಾವ ಪೆಟ್ಟಿಗೆ ಎಂಬ ಪ್ರಶ್ನೆ ಎದ್ದಿತು.

ದುಡ್ಡಿನ ಲೆಕ್ಕ ಬೇಗ ಮುಗಿಸಿಬಿಡುತ್ತೇನೆ. ತಂಗಿಯ ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಎಸ್.ಪಿ. ರೋಡಿನ ಅಂಗಡಿಯಲ್ಲಿ ಕೊಟೇಷನ್ ಬರೆಸಿ ವಾಟ್ಸಾಪಿಗೆ ಹಾಕಿದ: ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ನಡುಮಟ್ಟದ ಗ್ರಾಫಿಕ್ಸ್ ಕಾರ್ಡ್, 650 ವ್ಯಾಟಿನ ಎಸ್‌ಎಂಪಿಎಸ್, ಒಂದು ಬದಿ ಗಾಜಿರುವ ಕ್ಯಾಬಿನೆಟ್. ಮಾನಿಟರ್ ಬಿಟ್ಟೇ ಎಂಬತ್ತು ಸಾವಿರ ದಾಟುತ್ತಿತ್ತು. ನಮ್ಮೂರಿನ ಕರೆಂಟಿಗೆ ಯುಪಿಎಸ್ ಬೇರೆ ಬೇಕು. ಪ್ಲೇಸ್ಟೇಷನ್ 5 ಭಾರತಕ್ಕೆ 2021ರ ಫೆಬ್ರುವರಿಯಲ್ಲಿ ಬಂದಾಗ ಡಿಸ್ಕ್ ಹಾಕುವ ಮಾದರಿಗೆ 49,990 ರೂಪಾಯಿ, ಡಿಸ್ಕ್ ಇಲ್ಲದ್ದಕ್ಕೆ 39,990. ಮರುವರ್ಷ ಎರಡೂ ಐದೈದು ಸಾವಿರ ಏರಿದವು. ಅಗ್ಗ ಎನಿಸುತ್ತದೆ, ನಿಜ. ಆದರೆ ಹೊಸದಾಗಿ ಬಂದ ದೊಡ್ಡ ಆಟವೊಂದಕ್ಕೆ ಐದು ಸಾವಿರದ ಹತ್ತಿರ, ಆನ್‌ಲೈನಿನಲ್ಲಿ ನಾಲ್ಕು ಜನರ ಜೊತೆ ಆಡಬೇಕಾದರೆ ಬಹುಪಾಲು ಆಟಗಳಿಗೆ ವರ್ಷಾ ವರ್ಷ ಚಂದಾ. ಕಂಪ್ಯೂಟರಿಗೆ ಆ ಚಂದಾ ಇಲ್ಲ, ಆಟಗಳೂ ರಿಯಾಯಿತಿಯಲ್ಲಿ ಸಿಗುತ್ತವೆ. ಸಾಲದ ಫೈಲು ನೋಡಿ ಪಳಗಿದ ಕಣ್ಣಿಗೆ ಐದಾರು ವರ್ಷದ ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಅಲ್ಲಿಂದಲ್ಲಿಗೆ. ದುಡ್ಡು ತೀರ್ಮಾನ ಕೊಡಲಿಲ್ಲ.

ಅದು ಬಂದದ್ದು ಅಮ್ಮನ ನೋಟುಪುಸ್ತಕದಿಂದ. ಶ್ರಾವಕರಿಗೆ, ಅಂದರೆ ಗೃಹಸ್ಥ ಜೈನರಿಗೆ, ಹೇಳಿರುವ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಮುನಿಗಳ ಹಾಗೆ ಎಲ್ಲವನ್ನೂ ಬಿಡಬೇಕಾಗಿಲ್ಲ. ಇಷ್ಟೇ ಇಟ್ಟುಕೊಳ್ಳುತ್ತೇನೆ ಎಂದು ಮೊದಲೇ ಗೆರೆ ಎಳೆದುಕೊಳ್ಳಬೇಕು. ಹೊರಗಿನ ಪರಿಗ್ರಹ ಹತ್ತು ಬಗೆ: ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯ, ದಾಸಿ, ದಾಸ, ಕುಪ್ಯ, ಭಾಂಡ. ಅಮ್ಮ ಪ್ರತಿ ವರ್ಷ ದಶಲಕ್ಷಣ ಪರ್ವದಲ್ಲಿ ಈ ಹೆಸರುಗಳನ್ನು ಎಡಗಡೆ ಬರೆದು ಬಲಗಡೆ ಸಂಖ್ಯೆ ಹಾಕುತ್ತಾರೆ. ದಾಸಿ ದಾಸರ ಎದುರು ಒಂದೊಂದು ಅಡ್ಡಗೆರೆ. ಸೀರೆ, ಬಳೆ, ಕಂಚಿನ ಬಟ್ಟಲು, ಎಲ್ಲಕ್ಕೂ ಲೆಕ್ಕ ಇದೆ. ಮಿಕ್ಸಿ ಬಂದ ವರ್ಷ ಒರಳುಕಲ್ಲನ್ನು ಪಟ್ಟಿಯಿಂದ ತೆಗೆದಿದ್ದಾರೆ. ಕಲ್ಲು ಮಾತ್ರ ಈಗಲೂ ಹಿತ್ತಿಲಲ್ಲೇ ಇದೆ. ಅದನ್ನು ನಾನು ಎತ್ತಿ ಹೇಳಲು ಹೋಗುವುದಿಲ್ಲ.

ಆ ಪುಸ್ತಕದ ಬೆಳಕಿನಲ್ಲಿ ನೋಡಿದರೆ ಪ್ಲೇಸ್ಟೇಷನ್ನಿನಂಥ ಕನ್ಸೋಲ್ ಎಂಬುದು ಸಾಕ್ಷಾತ್ ಪರಿಮಾಣ. ಮುಚ್ಚಿದ ಪೆಟ್ಟಿಗೆ, ಪ್ರೊಸೆಸರ್, ಗ್ರಾಫಿಕ್ಸ್ ಯಾವುದನ್ನೂ ಬದಲಾಯಿಸುವ ಹಾಗಿಲ್ಲ. ನಾಲ್ಕನೆಯ ಪ್ಲೇಸ್ಟೇಷನ್ 2013ರಲ್ಲಿ ಬಂತು, ಐದನೆಯದು 2020ರಲ್ಲಿ. ನಡುವಿನ ಏಳು ವರ್ಷ ಆಟ ಮಾಡುವವರು ಆ ಅಳತೆಯೊಳಗೇ ತಮ್ಮ ಆಟವನ್ನು ಕೂರಿಸಬೇಕಾಯಿತು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗಗಳ ಮಿತಿಯನ್ನು ಎರಡು ಬಗೆಯಾಗಿ ಹೇಳಿದೆ: ಕಾಲಾವಧಿ ಇಟ್ಟುಕೊಂಡು ಬಿಡುವುದು ನಿಯಮ, ಬದುಕಿರುವವರೆಗೂ ಬಿಡುವುದು ಯಮ. ಹಾಗಾದರೆ ಏಳು ವರ್ಷದ ಕನ್ಸೋಲು ನಿಯಮವಾಯಿತಲ್ಲ ಎಂದು ನಾನು ಹಿಗ್ಗಿದೆ. ಕಂಪ್ಯೂಟರಿನಲ್ಲಿ ಇಂಥ ಗಡಿ ಇಲ್ಲ. ಎರಡು ವರ್ಷಕ್ಕೊಮ್ಮೆ ಹೊಸ ಕಾರ್ಡು ಬರುತ್ತದೆ, ಹಳೆಯದರ ಮೇಲೆ ಅಸಮಾಧಾನ ಶುರುವಾಗುತ್ತದೆ.

ಅದೇ ಗ್ರಂಥದಲ್ಲಿ ಸ್ವಲ್ಪ ಹಿಂದೆ ಹೋದರೆ ಈ ಹಿಗ್ಗು ನಿಲ್ಲುವುದಿಲ್ಲ. ಕೆಡುಕು ಮಾಡುವುದನ್ನು ಬಿಡಬೇಕು, ಸೇವಿಸಬಾರದ್ದನ್ನೂ ಬಿಡಬೇಕು ಎಂದ ಮೇಲೆ ಆಚಾರ್ಯರು ಇನ್ನೊಂದು ಮಾತು ಸೇರಿಸುತ್ತಾರೆ: ಅನುಭವಿಸಲು ಯೋಗ್ಯವಾದದ್ದನ್ನು ಸಂಕಲ್ಪ ಮಾಡಿ ಬಿಟ್ಟರೆ ಅದು ವ್ರತ. ಕೈಗೆ ಎಟುಕಬೇಕು, ತಪ್ಪೂ ಇರಬಾರದು, ಆದರೂ ಬೇಡ ಎನ್ನಬೇಕು. ಜೈಲಿನಲ್ಲಿರುವವನು ಕುಡಿಯುವುದಿಲ್ಲ ಎಂದು ಯಾರೂ ಅವನನ್ನು ವ್ರತಿ ಎನ್ನುವುದಿಲ್ಲ. 2024ರ ನವೆಂಬರಿನಲ್ಲಿ ಪಿಎಸ್5 ಪ್ರೊ ಎಂಬ ಇನ್ನೂ ಬಲವಾದ ಮಾದರಿ ಬೇರೆ ದೇಶಗಳಲ್ಲಿ ಬಂತು. ನಮ್ಮಲ್ಲಿ ಆಗ ಬಿಡುಗಡೆಯಾಗಲಿಲ್ಲ, ಏಕೆಂದರೆ ಅದರ ವೈಫೈಗೆ ಬೇಕಾದ 6 ಗಿಗಾಹರ್ಟ್ಸ್ ತರಂಗಾಂತರಕ್ಕೆ ಇಲ್ಲಿ ಅನುಮತಿ ಇರಲಿಲ್ಲ. ನಾನು ಅದನ್ನು ಕೊಳ್ಳಲಿಲ್ಲ. ಆ ಪುಣ್ಯ ನನ್ನದಲ್ಲ, ದೂರಸಂಪರ್ಕ ಇಲಾಖೆಯದು. ಕನ್ಸೋಲಿನ ಏಳು ವರ್ಷವೂ ಹೀಗೆಯೇ. ಗೆರೆ ಎಳೆದದ್ದು ಟೋಕಿಯೋದ ಕಂಪನಿ, ಅದೂ ತನ್ನ ವ್ಯಾಪಾರದ ಲೆಕ್ಕಕ್ಕೆ. ಏಳು ವರ್ಷವಾದ ಮೇಲೆ ಗೆರೆ ಅಳಿಸುವವರೂ ಅವರೇ.

ಇದನ್ನು ಅಳಿಯನಿಗೆ ಹೇಳಿದೆ. ಅವನು ಕುಣಿದಾಡಿದ. "ಅದಕ್ಕೇ ಹೇಳಿದ್ದು ಮಾವ, ಕಂಪ್ಯೂಟರೇ ತಗೊಳ್ಳಿ. ಅಜ್ಜಿಯ ಪುಸ್ತಕದಲ್ಲಿ ಒಂದು ಕಂಪ್ಯೂಟರ್ ಅಂತ ಬರೆಸಿ. ಆಮೇಲೆ ಒಳಗಿನದ್ದು ಎಷ್ಟು ಸಲ ಬದಲಾಯಿಸಿದರೂ ಲೆಕ್ಕ ಒಂದೇ."

ಹುಡುಗನ ತಲೆ ಚುರುಕಾಗಿದೆ. ಆದರೆ ಅವನಿಗಿಂತ ಚುರುಕಾದ ಶ್ರಾವಕರು ಸಾವಿರ ವರ್ಷದ ಹಿಂದೆಯೇ ಇದ್ದರು. ವ್ರತ ಮುರಿಯದೆ ಅದರ ಕಣ್ಣಿಗೆ ಮಣ್ಣೆರಚುವ ಉಪಾಯಗಳಿಗೆ ಅತಿಚಾರ ಎಂದು ಹೆಸರಿಟ್ಟು ಜೈನ ಆಚಾರ್ಯರು ಅವನ್ನೂ ಪಟ್ಟಿ ಮಾಡಿದ್ದಾರೆ. ಒಂದೇ ಮನೆ ಎಂದು ವ್ರತ ಹಿಡಿದವನು ಪಕ್ಕದ ಮನೆ ಕೊಂಡು ನಡುವಿನ ಗೋಡೆ ಒಡೆಸುತ್ತಾನೆ. ಈಗಲೂ ಮನೆ ಒಂದೇ. ಮಿತಿ ಮೀರಿ ಬಂದ ಚಿನ್ನವನ್ನು ವ್ರತದ ಅವಧಿ ಮುಗಿಯುವವರೆಗೆ ಬೇರೆಯವರ ಕೈಯಲ್ಲಿ ಇಡುತ್ತಾನೆ. ತನ್ನ ಹತ್ತಿರ ಹೆಚ್ಚಿಗೆ ಏನೂ ಇಲ್ಲ. ಇವನ್ನು ಓದುವಾಗ ನನಗೆ ಆ ಆಚಾರ್ಯರ ಮೇಲೆ ಗೌರವಕ್ಕಿಂತ ಸಲಿಗೆ ಹುಟ್ಟುತ್ತದೆ. ಬ್ಯಾಂಕಿನ ಇನ್‌ಸ್ಪೆಕ್ಷನ್ನಿಗೆ ಬರುವವರೂ ಇಷ್ಟು ಸೂಕ್ಷ್ಮವಾಗಿ ನೋಡುವುದಿಲ್ಲ. ಅಸೆಂಬಲ್ ಮಾಡಿಸಿದ ಕಂಪ್ಯೂಟರಂತೂ ಗೋಡೆ ಒಡೆದ ಮನೆಯೇ. ಮೊದಲ ವರ್ಷ ರ‍್ಯಾಮ್, ಮರುವರ್ಷ ಕಾರ್ಡು, ಕಾರ್ಡು ಜಾಸ್ತಿ ಕರೆಂಟ್ ಎಳೆಯುತ್ತದೆಂದು ಎಸ್‌ಎಂಪಿಎಸ್, ಪ್ರೊಸೆಸರ್ ಹೊಂದುವುದಿಲ್ಲವೆಂದು ಮದರ್‌ಬೋರ್ಡ್. ಕೊನೆಗೆ ಉಳಿಯುವುದು ಕ್ಯಾಬಿನೆಟ್ಟು ಮತ್ತು "ಒಂದು" ಎಂಬ ಅಂಕಿ. "ಹಳೇ ಕಾರ್ಡು ನನಗೆ ಕೊಡಿ, ನಾನು ಇಟ್ಕೊಂಡಿರ್ತೇನೆ" ಎಂದೂ ಅಳಿಯ ಹೇಳಿದ್ದಾನೆ. ಎರಡನೆಯ ಅತಿಚಾರವೂ ಮನೆಯೊಳಗೇ ತಯಾರಾಗಿದೆ.

ಪೆಟ್ಟಿಗೆಯ ಮಾತಾಯಿತು. ಒಳಗಿನ ಆಟಗಳ ಸಂಗತಿ ಇನ್ನೂ ವಿಚಿತ್ರ. ಕಂಪ್ಯೂಟರಿನಲ್ಲಿ ಆಟ ಕೊಳ್ಳುವ ದೊಡ್ಡ ಅಂಗಡಿ ಸ್ಟೀಮ್. ಅಲ್ಲಿ ದುಡ್ಡು ಕೊಟ್ಟರೆ ಸಿಗುವುದು ಆಟವಲ್ಲ, ಆಡಲು ಪರವಾನಗಿ. ಈ ಮಾತು ಕರಾರಿನಲ್ಲಿ ಮೊದಲಿನಿಂದ ಇತ್ತು. ಕ್ಯಾಲಿಫೋರ್ನಿಯಾದಲ್ಲಿ 2024ರಲ್ಲಿ ಇದನ್ನು ಗಿರಾಕಿಗೆ ಸ್ಪಷ್ಟವಾಗಿ ಹೇಳಲೇಬೇಕೆಂದು ಕಾನೂನಾದ ಮೇಲೆ, ಅಕ್ಟೋಬರಿನಿಂದ ದುಡ್ಡು ಕಟ್ಟುವ ಪುಟದಲ್ಲೇ ಬರೆದು ತೋರಿಸುತ್ತಿದ್ದಾರೆ. ಪ್ಲೇಸ್ಟೇಷನ್ನಿನ ಡಿಜಿಟಲ್ ಆಟಗಳೂ ಹಾಗೆಯೇ. ಡಿಸ್ಕ್ ಕೊಂಡರೆ ಮಾತ್ರ ಆಡಿ ಮುಗಿಸಿ ಮಾರಬಹುದು. ಒಟ್ಟಿನಲ್ಲಿ ನನ್ನ ಖಾತೆಯಲ್ಲಿ ಸಾಲುಗಟ್ಟಿ ನಿಂತಿರುವ ಆಟಗಳು ಕಾನೂನಿನ ಪ್ರಕಾರ ನನ್ನವಲ್ಲ. ಎಷ್ಟೋ ಆಟಗಳನ್ನು ಒಮ್ಮೆಯೂ ತೆರೆದಿಲ್ಲ; ಚಳಿಗಾಲದ ಸೇಲಿನಲ್ಲಿ ಮುಕ್ಕಾಲು ಪಾಲು ರಿಯಾಯಿತಿ ಎಂದು ತುಂಬಿಕೊಂಡವು. ತೂಕವಿಲ್ಲ, ಜಾಗ ಹಿಡಿಯುವುದಿಲ್ಲ, ಒಡೆತನವೂ ಇಲ್ಲ. ಅಂಥದ್ದು ಪರಿಗ್ರಹ ಹೇಗಾದೀತು? ಕಂಪನಿಯ ವಕೀಲರು ನನ್ನನ್ನು ಕುಳಿತಲ್ಲೇ ಅಪರಿಗ್ರಹಿ ಮಾಡಿದ್ದಾರೆ.

ಆದರೆ ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹಕ್ಕೆ ಕೊಡುವ ಲಕ್ಷಣ ವಸ್ತುವಿನ ಮೇಲೆ ನಿಂತಿಲ್ಲ, ಒಡೆತನದ ಪತ್ರದ ಮೇಲೂ ನಿಂತಿಲ್ಲ. ನನ್ನದು ಎಂಬ ಮೋಹವೇ ಪರಿಗ್ರಹ. ಆ ಲಕ್ಷಣ ಎಷ್ಟು ಸರಿ ಎಂಬುದು 2024ರ ಮಾರ್ಚ್ 31ರಂದು ಕಣ್ಣಿಗೆ ಬಿತ್ತು. ಯೂಬಿಸಾಫ್ಟ್ ಕಂಪನಿ ಅಂದು ದ ಕ್ರೂ ಎಂಬ ಕಾರ್ ಓಡಿಸುವ ಆಟದ ಸರ್ವರುಗಳನ್ನು ನಿಲ್ಲಿಸಿತು. ಒಬ್ಬರೇ ಆಡಿದರೂ ಸರ್ವರ್ ಬೇಕಾಗಿದ್ದ ಆಟ ಅದು. ದುಡ್ಡು ಕೊಟ್ಟವರೆಲ್ಲರ ಕೈಯಿಂದ ಹೋಯಿತು. ಎಷ್ಟೋ ಮಂದಿ ಕೊಂಡ ಆಟಗಳನ್ನು ಹೀಗೆ ಸಾಯಿಸಬಾರದೆಂಬ ಚಳವಳಿಯೇ ಹುಟ್ಟಿತು. ಗಿರಾಕಿಯ ಹಕ್ಕಿನ ವಿಚಾರದಲ್ಲಿ ನಾನು ಪೂರ್ತಿ ಅವರ ಕಡೆ. ಆದರೂ ತಮ್ಮದಲ್ಲವೆಂದು ಕರಾರಿಗೆ ಒಪ್ಪಿಗೆ ಕೊಟ್ಟವರು ತಮ್ಮದೆಂದು ಅತ್ತರಲ್ಲ, ಆ ಅಳು ವಕೀಲರಿಗಿಂತ ಉಮಾಸ್ವಾತಿಗಳಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ನಮ್ಮೂರಿನ ಗುಡ್ಡದ ಮೇಲೆ 1432ರಿಂದ ನಿಂತಿರುವ ಬಾಹುಬಲಿಯ ಬಗ್ಗೆ ಹಿರಿಯರು ಹೇಳುವ ಕಥೆಯೂ ಇದೇ ಅಲ್ಲವೆ? ಗೆದ್ದ ರಾಜ್ಯವನ್ನು ಬಿಟ್ಟ, ಬಟ್ಟೆಯನ್ನೂ ಬಿಟ್ಟ. ನಿಂತಿರುವ ನೆಲ ಮಾತ್ರ ಅಣ್ಣ ಭರತನದು ಎಂಬ ಮುಳ್ಳು ಮನಸ್ಸಿನಲ್ಲಿ ಉಳಿದಿದ್ದಕ್ಕೆ ಜ್ಞಾನ ಬಾಗಿಲಲ್ಲೇ ತಡೆಯಿತು.

ಇಲ್ಲಿಗೆ ಬಂದಾಗ ಅಮ್ಮ ಇನ್ನೊಂದು ಪ್ರಶ್ನೆ ಕೇಳಿದರು: "ಅದರಲ್ಲಿ ಕೊಲ್ಲಲಿಕ್ಕೆ ಉಂಟಾ?" ಉಂಟು. ನಾನು ಹೆಚ್ಚಾಗಿ ಆಡುವುದು ಫುಟ್‌ಬಾಲ್ ಮತ್ತು ಕಾರ್ ರೇಸ್, ಆದರೆ ಕೋವಿ ಹಿಡಿಯುವ ಆಟಗಳೂ ಇವೆ. ಕನ್ನಡ ಓದಿದ ಜೈನನಿಗೆ ಇಲ್ಲಿ ತಪ್ಪಿಸಿಕೊಳ್ಳಲು ದಾರಿ ಕಡಿಮೆ. ಜನ್ನನ ಯಶೋಧರ ಚರಿತೆ ಬಂದು ಎಂಟು ನೂರು ವರ್ಷ ದಾಟಿತು. ಅಲ್ಲಿ ಯಶೋಧರ ಬಲಿ ಕೊಟ್ಟದ್ದು ಜೀವದ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಅದೂ ತಾಯಿ ಚಂದ್ರಮತಿಯ ಮಾತಿಗೆ ಕಟ್ಟುಬಿದ್ದು. ಅಷ್ಟಕ್ಕೇ ತಾಯಿ ಮಗ ಇಬ್ಬರೂ ನವಿಲು, ನಾಯಿ ಎಂದು ಪ್ರಾಣಿಜನ್ಮಗಳಲ್ಲಿ ತಿರುಗಿದರು. ಪಿಕ್ಸೆಲ್ಲಿನ ಸೈನಿಕ ಹಿಟ್ಟಿನ ಕೋಳಿಗಿಂತ ಎಷ್ಟು ಬೇರೆ? ಯಶೋಧರನಿಗೆ ಬಲಿಯ ಫಲ ಬೇಕಿತ್ತು, ನನಗೆ ಆಟ ಗೆಲ್ಲುವುದಷ್ಟೇ ಬೇಕು ಎಂದು ಸಮಜಾಯಿಷಿ ಕೊಡಬಹುದು. ನನಗದು ಅರ್ಧ ಮಾತ್ರ ಒಪ್ಪಿಗೆ. ಜನ್ನನ ಹಿಟ್ಟಿನ ಕೋಳಿ ಕೂಗುತ್ತದೆ. ಈಗಿನ ಆಟಗಳು ಆ ಕೂಗನ್ನು ದುಡ್ಡು ಖರ್ಚು ಮಾಡಿ ಕೂರಿಸುತ್ತವೆ. ಆದರೆ ಇದು ಯಾವ ಪೆಟ್ಟಿಗೆ ಕೊಂಡರೂ ಜೊತೆಗೆ ಬರುವ ಪ್ರಶ್ನೆ. ಕಂಪ್ಯೂಟರೋ ಕನ್ಸೋಲೋ ಎಂಬಲ್ಲಿ ತೀರುವುದಲ್ಲ. ಅಮ್ಮನಿಗೆ ಫುಟ್‌ಬಾಲ್ ತೋರಿಸಿದೆ.

ಕೊನೆಗೆ ನಾನು ಕಂಪ್ಯೂಟರನ್ನೇ ಆರಿಸಿದೆ. ಅದರಲ್ಲಿ ಮಿತಿ ಮೀರಲು ದಾರಿ ಇದೆ ಎಂಬುದೇ ಕಾರಣ. ಮನಸ್ಸು ಅಷ್ಟು ಗಟ್ಟಿಯಿಲ್ಲದವರು ಕನ್ಸೋಲ್ ಕೊಂಡು ಹಾಯಾಗಿರುವುದು ಒಳ್ಳೆಯದು. ಬೇಲಿ ಯಾರು ಹಾಕಿದರೂ ದನ ಒಳಗಿರುತ್ತದೆ, ಅದರಲ್ಲಿ ಅವಮಾನವೇನೂ ಇಲ್ಲ. ನನ್ನ ಮನಸ್ಸು ಗಟ್ಟಿ ಎಂದು ನಾನೇನೂ ಹೇಳುತ್ತಿಲ್ಲ. ಗಟ್ಟಿಯೋ ಅಲ್ಲವೋ ತಿಳಿಯುವುದಕ್ಕಾದರೂ ಗೆರೆ ನನ್ನದಾಗಿರಬೇಕು.

ಆದ್ದರಿಂದ ಅಮ್ಮನ ಪುಸ್ತಕದಲ್ಲಿ "ಕಂಪ್ಯೂಟರ್ – 1" ಎಂದು ಬರೆಸಲಿಲ್ಲ. ಭಾಂಡದ ಕೆಳಗೆ, ಕಂಚಿನ ಬಟ್ಟಲುಗಳ ಸಾಲು ಮುಗಿದಲ್ಲಿ, ಒಂದೊಂದು ಭಾಗಕ್ಕೂ ಒಂದೊಂದು ಗೆರೆ: "ಗ್ರಾಪಿಕ್ಸ್ ಕಾರ್ಡು – 1, ಮದರ್ ಬೋರ್ಡು – 1, ರ‍್ಯಾಮು – 2 ಕಡ್ಡಿ." ಎದುರಿಗೆ ಐದು ವರ್ಷ ಎಂದು ಅವಧಿ. ಧೂಳು ಊದುವುದಕ್ಕಲ್ಲದೆ ಕ್ಯಾಬಿನೆಟ್ ಬಿಚ್ಚುವಂತಿಲ್ಲ. ಖಾತೆಯ ಆಟಗಳಿಗೆ ಬೇರೆ ಪುಟ. ಕೈಯಲ್ಲಿರುವುದನ್ನು ಆಡಿ ಮುಗಿಸದೆ ಹೊಸದು ಬರುವಂತಿಲ್ಲ. ಎಲ್ಲ ಬರೆದ ಮೇಲೆ ಅಳಿಯ ಫೋನಿನಲ್ಲೇ ತಕರಾರು ತೆಗೆದ. ನಮ್ಮ ಕಡೆಯ ಸಿಡಿಲಿಗೆ ಕಾರ್ಡು ಸುಟ್ಟುಹೋಯಿತು ಎನ್ನಿ. ಅದೇ ಮಟ್ಟದ್ದನ್ನು ಹಾಕಬಹುದು ಎಂದಿಟ್ಟುಕೊಂಡರೂ ಮೂರು ವರ್ಷದ ಮೇಲೆ ಆ ಮಟ್ಟದ್ದು ಎಸ್.ಪಿ. ರೋಡಿನಲ್ಲಿ ಹೊಸದಾಗಿ ಸಿಗುವುದಿಲ್ಲ, ಸಿಗುವುದೆಲ್ಲ ಅದಕ್ಕಿಂತ ಮೇಲಿನದ್ದು. ಆಗ ಅದು ವ್ರತಭಂಗವೋ, ಅತಿಚಾರವೋ, ಎರಡೂ ಅಲ್ಲವೋ? ನನಗೆ ಉತ್ತರ ಹೊಳೆಯಲಿಲ್ಲ. ಸ್ಪೀಕರ್ ಹಾಕಿ ಅಮ್ಮನ ಮುಂದೆ ಫೋನು ಹಿಡಿದೆ. "ಸುಟ್ಟ ಮೇಲೆ ಕೇಳು ಮಗಾ" ಎಂದು ಪುಸ್ತಕ ಮುಚ್ಚಿದರು.